ಗಿರಾಕಿ ಸರ್ವಿಸ್ ಚಾರ್ಜ್ ಬೇಡ ಅಂದರೆ?

ಬೆಂಗಳೂರಿನ ರೆಸ್ಟೋರೆಂಟಿಗೆ ವೇಟರ್ ಆಗಿ ಸೇರುತ್ತಿದ್ದೀನಿ, ಗಿರಾಕಿ ಸರ್ವಿಸ್ ಚಾರ್ಜ್ ಕೊಡಲ್ಲ ಅಂದರೆ ಏನು ಮಾಡಲಿ ಅಂತ ಕೇಳಿದ್ದೀರಿ. ಸುಮ್ನೆ ವಾದಕ್ಕೆ ಇಳಿಯಬೇಡಿ. ಬಿಲ್ ತಗೊಂಡು ಕ್ಯಾಷ್ ಕೌಂಟರಿಗೆ ಹೋಗಿ, ಆ ಸಾಲು ತೆಗೆಸಿ, ಹೊಸ ಬಿಲ್ ತಂದುಕೊಡಿ. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಖುಷಿಯಿಂದ ಕೊಡುವ ಟಿಪ್ಸಿಗೆ ಅಡ್ಡಿಯಿಲ್ಲ.

ನನಗೆ ಬೇಜಾರಾಗುವುದು ಇದು: ಸರ್ವಿಸ್ ಚಾರ್ಜ್ ದುಡ್ಡೆಲ್ಲ ವೇಟರ್ ಹುಡುಗರಿಗೇ ಹೋಗುತ್ತೆ ಅಂತ ಗಿರಾಕಿಗಳು ಅಂದುಕೊಂಡಿರುತ್ತಾರೆ. ಎಲ್ಲಾ ಕಡೆ ಹಾಗಿಲ್ಲ. ಟಿಪ್ಸ್ ಜಾಸ್ತಿ ಬರುತ್ತೆ ಅಂತ ಆಸೆ ತೋರಿಸಿದರೆ ಕಡಿಮೆ ಸಂಬಳಕ್ಕೆ ಒಪ್ಪಬೇಡಿ. ಟಿಪ್ಸ್ ಡಬ್ಬಿ ಯಾರು ಎಣಿಸುತ್ತಾರೆ, ಪಾತ್ರೆ ತೊಳೆಯುವವರಿಗೂ ಪಾಲಿದೆಯಾ, ಗ್ಲಾಸ್ ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರಾ, ಪಿಎಫ್ ಇದೆಯಾ, ಎಲ್ಲಾ ಸೇರುವ ಮುಂಚೆಯೇ ಕೇಳಿಬಿಡಿ.