ಲೇಖನ ಶಿಖರದಲ್ಲೇ ನಿಂತುಬಿಟ್ಟಿದೆ: ಒಬ್ಬ ಬರಹಗಾರ್ತಿಗೆ ಉತ್ತರ

ನಮಸ್ಕಾರ.

ಪರ್ವತಾರೋಹಿ ಬಚೇಂದ್ರಿ ಪಾಲ್ ಅವರ ಬಗ್ಗೆ ನೀವು ಕಳಿಸಿದ ‘ಹಿಮಾಲಯದ ಸಿಂಹಿಣಿ’ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ ಕೂತು, ಎರಡನೇ ಸಲ ಮನೆಯಲ್ಲಿ ಪೆನ್ಸಿಲ್ ಹಿಡಿದು. ‘ಮುಚ್ಚುಮರೆ ಇಲ್ಲದೆ ಹೇಳಿ’ ಅಂತ ಜೊತೆಗಿನ ಪತ್ರದಲ್ಲಿ ಕೇಳಿದ್ದೀರಿ. ಹಾಗಾಗಿ ಹೇಳುತ್ತೇನೆ: ಈಗಿರುವ ಹಾಗೆ ಇದನ್ನು ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ತಿದ್ದಿ ಕಳಿಸಿ ಅಂತ ಕೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಒಂಬತ್ತು ಪುಟ ಇದೆ. ಎಂಟೂವರೆ ಪುಟ ಹುಟ್ಟಿನಿಂದ ಎವರೆಸ್ಟ್ ತುದಿಯವರೆಗೆ. ಉಳಿದ ಅರ್ಧ ಪುಟದಲ್ಲಿ ಪ್ರಶಸ್ತಿಗಳ ಪಟ್ಟಿ, ಮತ್ತೆ ಈ ವಾಕ್ಯ: ‘ನಂತರ ಅವರು ಹಲವು ಸಾಹಸ ಯಾತ್ರೆಗಳನ್ನು ಕೈಗೊಂಡು ಯುವಜನರಿಗೆ ಸ್ಫೂರ್ತಿಯ ಸೆಲೆಯಾದರು.’

ಆ ಒಂದು ವಾಕ್ಯದ ಅಡಿಯಲ್ಲಿ ಏನೆಲ್ಲ ಹೂತುಹೋಗಿದೆ ನೋಡಿ. ಅವರು ಎವರೆಸ್ಟ್ ಏರಿದ್ದು 1984ರ ಮೇ 23ರಂದು. ಹುಟ್ಟಿದ್ದು 1954ರ ಮೇ 24. ಅಂದರೆ ಮರುದಿನ ಅವರಿಗೆ ಮೂವತ್ತು ತುಂಬುವುದಿತ್ತು. ನಿಮ್ಮ ಲೇಖನ ಅಲ್ಲಿಗೆ ಮುಗಿಯುತ್ತದೆ. ಆದರೆ ಆಮೇಲೆ ಆ ಹೆಂಗಸು ಏನು ಮಾಡಿದರು? ಜಮ್‌ಶೆಡ್‌ಪುರದ ಟಾಟಾ ಸ್ಟೀಲ್ ಸೇರಿ, ಅಲ್ಲಿನ ಸಾಹಸ ಪ್ರತಿಷ್ಠಾನವನ್ನು ವರ್ಷಗಟ್ಟಲೆ ನಡೆಸಿದರು. 1993ರಲ್ಲಿ ಭಾರತ–ನೇಪಾಳದ ಹೆಂಗಸರದೇ ತಂಡ ಕಟ್ಟಿ ಎವರೆಸ್ಟ್‌ಗೆ ಕರೆದುಕೊಂಡು ಹೋದರು. 1994ರಲ್ಲಿ 18 ಹೆಂಗಸರು, ಮೂರು ರಾಫ್ಟ್, ಹರಿದ್ವಾರದಿಂದ ಕೋಲ್ಕತ್ತಾವರೆಗೆ ಗಂಗೆಯ ಮೇಲೆ 2,155 ಕಿ.ಮೀ., 39 ದಿನ. 1997ರಲ್ಲಿ ಎಂಟು ಹೆಂಗಸರು ಅರುಣಾಚಲ ಪ್ರದೇಶದಿಂದ ಸಿಯಾಚಿನ್‌ನ ಇಂದಿರಾ ಕೋಲ್‌ವರೆಗೆ ನಡೆದರು. 225 ದಿನ, 4,500 ಕಿ.ಮೀ.ಗೂ ಜಾಸ್ತಿ, ದಾರಿಯಲ್ಲಿ 40ಕ್ಕೂ ಹೆಚ್ಚು ಎತ್ತರದ ಕಣಿವೆದಾರಿಗಳು. ಇದನ್ನು ‘ಹಲವು ಸಾಹಸ ಯಾತ್ರೆಗಳು’ ಅಂತ ಬರೆದು ದಾಟಿಬಿಟ್ಟರೆ ಹೇಗೆ?

ಮೊದಲು ತಪ್ಪುಗಳನ್ನು ಹೇಳಿ ಮುಗಿಸುತ್ತೇನೆ. ‘ಎವರೆಸ್ಟ್ ಏರಿದ ವಿಶ್ವದ ಮೊದಲ ಮಹಿಳೆ’ ಅಂತ ಮೂರನೇ ಪುಟದಲ್ಲಿದೆ. ಅಲ್ಲ. ಮೊದಲಿಗರು ಜಪಾನಿನ ಜುಂಕೊ ತಬೈ, 1975ರ ಮೇ 16ರಂದು. ಬಚೇಂದ್ರಿ ಭಾರತದ ಮೊದಲಿಗರು, ಜಗತ್ತಿನಲ್ಲಿ ಐದನೆಯವರು. ಐದನೆಯವರು ಅಂದ ಮಾತ್ರಕ್ಕೆ ಅವರ ಎತ್ತರ ಒಂದು ಅಡಿಯೂ ಕಡಿಮೆ ಆಗುವುದಿಲ್ಲ. ‘ಒಬ್ಬಂಟಿಯಾಗಿ ಹಿಮದ ಗೋಡೆಯನ್ನು ಗೆದ್ದಳು’ ಅಂತ ಬರೆದಿದ್ದೀರಿ. ಅದೂ ತಪ್ಪು, ಮತ್ತು ಇದು ನನಗೆ ಮೊದಲಿನದಕ್ಕಿಂತ ಜಾಸ್ತಿ ಬೇಸರ ತಂದ ತಪ್ಪು. ಅವತ್ತು ಬೆಳಿಗ್ಗೆ ಅವರ ಜೊತೆ ಹೊರಟವರು ಶೆರ್ಪಾ ಅಂಗ್ ದೋರ್ಜಿ. ದೋರ್ಜಿ ಆಮ್ಲಜನಕದ ಸಿಲಿಂಡರ್ ಬಳಸದೆ ಹತ್ತಿದರು. ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ತುದಿ ಮುಟ್ಟಿದಾಗ ಇಬ್ಬರು ಜೊತೆಯಾಗಿ ನಿಲ್ಲುವಷ್ಟು ಜಾಗವೂ ಅಲ್ಲಿರಲಿಲ್ಲ. ಮೊದಲು ಹಿಮಗೊಡಲಿಯಿಂದ ಹಿಮ ಅಗೆದು ಕಾಲಿಗೆ ಜಾಗ ಮಾಡಿಕೊಂಡರು, ಆಮೇಲೆ ಖುಷಿ ಪಟ್ಟರು. ಒಂಬತ್ತು ಪುಟಗಳಲ್ಲಿ ಅಂಗ್ ದೋರ್ಜಿ ಅವರ ಹೆಸರು ಒಂದು ಸಲವೂ ಬಂದಿಲ್ಲ.

ತಂಡದಲ್ಲಿ ಇನ್ನೂ ಐವರು ಹೆಂಗಸರಿದ್ದರು, ಹನ್ನೊಂದು ಗಂಡಸರಿದ್ದರು. ಅವರಲ್ಲಿ ಚಂದ್ರಪ್ರಭಾ ಐತ್ವಾಲ್, ರೇಖಾ ಶರ್ಮಾ, ಹರ್ಷವಂತಿ ಬಿಷ್ಟ್ ಮೂವರೂ 1981ರಲ್ಲೇ ನಂದಾದೇವಿ ಏರಿ ಬಂದವರು. ಇಂಥವರ ನಡುವೆ ಬಚೇಂದ್ರಿ ತೀರ ಹೊಸಬರು. ಪರ್ವತಾರೋಹಣ ಸಂಸ್ಥೆಯ ತರಬೇತಿಯಲ್ಲಿ ಗಂಗೋತ್ರಿ, ರುದುಗೈರಾ ಶಿಖರಗಳನ್ನು ಹತ್ತಿದ್ದು 1982ರಲ್ಲಿ. ಎರಡೇ ವರ್ಷದಲ್ಲಿ ಎವರೆಸ್ಟ್. ಇದನ್ನು ಹೇಳಿದರೆ ಓದುವವರಿಗೆ ಅವರ ಮೇಲೆ ಪ್ರೀತಿ ಹೆಚ್ಚುತ್ತದೆ, ಅಲ್ವಾ? ನೀವು ಉಳಿದವರನ್ನೆಲ್ಲ ಪಕ್ಕಕ್ಕೆ ಸರಿಸಿ ಒಬ್ಬರನ್ನೇ ನಿಲ್ಲಿಸಿದ್ದೀರಿ. ಹಾಗೆ ನಿಂತವರು ವಿಗ್ರಹದ ಹಾಗೆ ಕಾಣುತ್ತಾರೆ.

ಇನ್ನು ಭಾಷೆ. ‘ಹಿಮಪುತ್ರಿ’, ‘ಸಿಂಹಿಣಿ’, ‘ಅಬಲೆಯಲ್ಲ ಸಬಲೆ’, ‘ಸಾಧನೆಯ ಉತ್ತುಂಗ’: ಇವನ್ನೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೇನೆ. ಇಪ್ಪತ್ತಮೂರು ಇವೆ. ಇವು ಯಾರಿಗೆ ಬೇಕಾದರೂ ಹೊಂದುವ ಮಾತುಗಳು. ಸನ್ಮಾನದ ಬಿನ್ನವತ್ತಳೆಯಲ್ಲಿ ಇರಲಿ, ಲೇಖನದಲ್ಲಿ ಬೇಡ. ನಿಮ್ಮ ಎರಡನೇ ಪುಟದಲ್ಲಿ ಅವರು ಬಟ್ಟೆ ಹೊಲಿದು ಓದಿನ ಖರ್ಚಿಗೆ ದುಡ್ಡು ಹೊಂದಿಸಿದ ವಿಷಯ ಇದೆ. ಅದು ಚಿನ್ನದಂಥ ವಿವರ. ಅಪ್ಪ ಟಿಬೆಟ್ ಗಡಿಯ ಕಡೆಗೆ ಹೇಸರಗತ್ತೆ, ಕುದುರೆ, ಆಡುಗಳ ಮೇಲೆ ಹಿಟ್ಟು, ಅಕ್ಕಿ ಹೇರಿಕೊಂಡು ಹೋಗಿ ವ್ಯಾಪಾರ ಮಾಡುತ್ತಿದ್ದರು. ಮಗಳು ಸಂಸ್ಕೃತದಲ್ಲಿ ಎಂ.ಎ. ಮಾಡಿ, ಬಿ.ಎಡ್. ಮಾಡಿ, ಸರಿಯಾದ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದರು. ಟೀಚರ್ ಆಗಲಿ ಅಂತ ಮನೆಯವರ ಆಸೆ. ನಮ್ಮ ಯಾವ ಊರಲ್ಲಿ ಇಂಥ ಹುಡುಗಿ ಇಲ್ಲ ಹೇಳಿ? ಓದುಗರು ನಿಮ್ಮ ಜೊತೆ ಅವರ ಊರು ನಕುರಿ ಹಳ್ಳಿಗೆ ಬರುವುದು ಆ ಹೊಲಿಗೆಯ ನೂಲು ಹಿಡಿದುಕೊಂಡೇ. ನೀವು ಅದನ್ನು ಅರ್ಧ ಸಾಲಲ್ಲಿ ಹೇಳಿ, ತಕ್ಷಣ ‘ಬಡತನದ ಕುಲುಮೆಯಲ್ಲಿ ಬೆಂದು’ ಅಂತ ಶುರು ಮಾಡಿದಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಶಿಖರ ಏರುವ ಹಿಂದಿನ ದಿನ ಬಚೇಂದ್ರಿ ಸೌತ್ ಕೋಲ್ ಶಿಬಿರ ತಲುಪಿದ್ದರು. ಅದು ಸುಮಾರು 7,900 ಮೀಟರ್ ಎತ್ತರದ ಜಾಗ. ಅದಕ್ಕೆ ಒಂದು ವಾರ ಮೊದಲು, ಮೇ 15ರ ನಡುರಾತ್ರಿ, ಅವರು ಮಲಗಿದ್ದ ಡೇರೆಯ ಮೇಲೆ ಹಿಮ ಕುಸಿದಿತ್ತು. ತಲೆಯ ಹಿಂಭಾಗಕ್ಕೆ ಏಟು. ಜೊತೆಗಾರ ಚಾಕುವಿನಿಂದ ಡೇರೆ ಕೊಯ್ದು, ಹಿಮ ತೋಡಿ ಹೊರಗೆಳೆದಿದ್ದರು. ತಂಡದ ನಾಯಕ ಕರ್ನಲ್ ಖುಲ್ಲರ್ ‘ಭಯವಾಯಿತೇ’ ಅಂತ ಕೇಳಿದಾಗ ಹೌದು ಅಂದರು. ‘ವಾಪಸ್ ಹೋಗ್ತೀಯಾ’ ಅಂದಾಗ ಇಲ್ಲ ಅಂದರು. ಇದನ್ನು ನೀವು ಬರೆದಿದ್ದೀರಿ, ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಆ ‘ಹೌದು’ ಬಿಟ್ಟುಬಿಟ್ಟಿರಿ. ‘ಭಯ ಎಂಬುದೇ ಅರಿಯದ’ ಅಂತ ಸೇರಿಸಿದಿರಿ. ಭಯ ಆಯಿತು ಅಂತ ಅವರೇ ಹೇಳಿದ್ದನ್ನು ನಾವು ಯಾಕೆ ಅಳಿಸಬೇಕು?

ಇರಲಿ. ಸೌತ್ ಕೋಲ್‌ನಲ್ಲಿ ಅವರು ಮರುದಿನಕ್ಕೆ ಬೇಕಾದ ಊಟ, ಗ್ಯಾಸ್, ಸಿಲಿಂಡರ್ ಜೋಡಿಸಿಟ್ಟುಕೊಂಡರು. ಜೊತೆಯವರು ಇನ್ನೂ ಕೆಳಗಿದ್ದರು. ಭಾರ ಹೊತ್ತು, ಆಮ್ಲಜನಕ ಇಲ್ಲದೆ, ನಿಧಾನ ಬರುತ್ತಿದ್ದರು. ಆ ಎತ್ತರದಲ್ಲಿ ಒಂದೊಂದು ಹೆಜ್ಜೆಗೂ ಉಸಿರು ಕಟ್ಟುತ್ತದೆ. ಮರುದಿನ ಶಿಖರಕ್ಕೆ ಹೋಗುವವರು ಮಾಡುವ ಬುದ್ಧಿವಂತ ಕೆಲಸ ಅಂದರೆ ಸುಮ್ನೆ ಮಲಗುವುದು. ಅವರು ಏನು ಮಾಡಿದರು? ಒಂದು ಥರ್ಮಾಸ್‌ಗೆ ಜ್ಯೂಸ್, ಇನ್ನೊಂದಕ್ಕೆ ಬಿಸಿ ಚಹಾ ತುಂಬಿಕೊಂಡು ಆ ಕೊರೆಯುವ ಗಾಳಿಯಲ್ಲಿ ಕೆಳಗಿಳಿದರು. ದಾರಿಯಲ್ಲಿ ಒಬ್ಬರು ಸಿಕ್ಕರು. ಇನ್ನೊಬ್ಬರು ಜಿನೀವಾ ಸ್ಪರ್ ಅನ್ನುವ ಕಡಿದಾದ ಏಣಿನ ಹತ್ತಿರ ಸಿಕ್ಕರು, ಚಹಾ ಕುಡಿದು, ಇನ್ನು ಮುಂದೆ ಇಳಿಯಬೇಡ ಅಂತ ತಡೆದರು. ಇನ್ನೂ ಒಬ್ಬರು ಹಿಂದೆ ಇದ್ದಾರಲ್ಲ ಅಂತ ಇವರು ಮತ್ತೆ ಇಳಿದರು.

ಆ ಎರಡು ಥರ್ಮಾಸ್ ನಿಮ್ಮ ಲೇಖನದಲ್ಲಿ ಇಲ್ಲ! ನೀವು ಅವರ ಆತ್ಮಕಥನ ಓದಿದ್ದೇನೆ ಅಂತ ಪತ್ರದಲ್ಲಿ ಹೇಳಿದ್ದೀರಿ. ಓದುವಾಗ ಇದು ಸಣ್ಣ ವಿಷಯ ಅನ್ನಿಸಿರಬೇಕು. ನನಗೆ ಅವರ ಮುಂದಿನ ಬದುಕೆಲ್ಲ ಆ ಮಧ್ಯಾಹ್ನದಲ್ಲಿ ಕಾಣುತ್ತದೆ. ಮೇಲೆ ತಲುಪಿದ ಮೇಲೆ ಹಿಂದೆ ಉಳಿದವರಿಗಾಗಿ ಇಳಿದು ಬರುವುದು. 1993, 1994, 1997, ಎಲ್ಲವೂ ಅದೇ. 2011ರಲ್ಲಿ 48ನೇ ವಯಸ್ಸಿನಲ್ಲಿ ಎವರೆಸ್ಟ್ ಏರಿದ ಜಮ್‌ಶೆಡ್‌ಪುರದ ಪ್ರೇಮಲತಾ ಅಗರ್ವಾಲ್ ಅವರಿಗೆ ದಾರಿ ತೋರಿಸಿದ್ದು, ರೈಲಿನಿಂದ ತಳ್ಳಲ್ಪಟ್ಟು ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ ಬಂದು ಕೇಳಿದಾಗ ತರಬೇತಿ ಕೊಟ್ಟಿದ್ದು, ಅದೂ ಅದೇ. ಅರುಣಿಮಾ 2013ರ ಮೇ 21ರಂದು ತುದಿ ಮುಟ್ಟಿದರು.

ಮತ್ತೆ ನದಿ. ನದಿಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಬೆಟ್ಟದ ಮುಂದೆ ಹೊಳೆ ಸುಲಭ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್‌ಗೆ ಹೋಗಿದ್ದೆ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಾತ್ರ ಅಲ್ಲಿ ರಾಫ್ಟ್ ಇಳಿಸುತ್ತಾರೆ. ನೊರೆನೀರಿನಲ್ಲಿ ಹುಟ್ಟಿನ ಹಿಡಿ ಸರಿಯಾಗಿ ಹಿಡಿಯದೆ ನನ್ನ ತುಟಿಗೇ ಬಡಿದುಕೊಂಡೆ, ರಕ್ತ ಬಂತು. ಆದರೆ ನಿಜವಾಗಿ ಸುಸ್ತು ಮಾಡಿದ್ದು ಅದಲ್ಲ. ನೊರೆನೀರು ಮುಗಿದ ಮೇಲೆ ನಿಂತ ನೀರು ಬಂತು. ಅಲ್ಲಿ ಹೊಳೆ ರಾಫ್ಟನ್ನು ತಳ್ಳುವುದಿಲ್ಲ. ಗಾಳಿ ತುಂಬಿದ, ಚಪ್ಪಟೆ ತಳದ ರಬ್ಬರ್ ದೋಣಿ ಅದು. ಎದುರುಗಾಳಿ ಬಂದರೆ ಎಲೆಯ ಹಾಗೆ ತಿರುಗುತ್ತದೆ. ಹುಟ್ಟು ಹಾಕಿದಷ್ಟೇ ಮುಂದೆ. ಅರ್ಧ ಗಂಟೆಗೆ ನನ್ನ ಭುಜ ಬಿದ್ದುಹೋಯಿತು.

ಹರಿದ್ವಾರದಿಂದ ಕೆಳಗೆ ಗಂಗೆ ಇಡೀ ಹಾಗೇ. ಬೆಟ್ಟದ ನದಿ ಅಲ್ಲಿಗೆ ಮುಗಿಯಿತು. ಭೀಮಗೋಡಾ ಬ್ಯಾರೇಜಿನಲ್ಲೇ ನೀರಿನ ದೊಡ್ಡ ಪಾಲು ಕಾಲುವೆಗೆ ತಿರುಗುತ್ತದೆ. ಮುಂದೆ ಬಿಜನೌರ್, ನರೋರಾ ಬ್ಯಾರೇಜುಗಳು. ಮರಳು ದಿಬ್ಬ, ಕವಲು, ಯಾವ ಕವಲಲ್ಲಿ ನೀರಿದೆ ಅಂತ ನೋಡಿ ಹೋಗಬೇಕು. ಕಾನ್ಪುರ, ಪ್ರಯಾಗ, ವಾರಾಣಸಿ, ಪಟ್ನಾ. ಫರಕ್ಕಾ ದಾಟಿದ ಮೇಲೆ ನದಿಯ ಮುಖ್ಯ ಪಾಲು ಬಾಂಗ್ಲಾದೇಶದ ಕಡೆಗೆ ಹೋಗುತ್ತದೆ, ಕೋಲ್ಕತ್ತಾಕ್ಕೆ ಹೋಗುವವರು ಹೂಗ್ಲಿ ಹಿಡಿಯಬೇಕು. ಹೂಗ್ಲಿಯಲ್ಲಿ ಸಮುದ್ರದ ಭರತ ಬಂದರೆ ನೀರು ಹಿಂದಕ್ಕೆ ಹರಿಯುತ್ತದೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ನೋಡಿದವರಿಗೆ ಇದು ಗೊತ್ತು. 2,155ನ್ನು 39ರಿಂದ ಭಾಗಿಸಿ ನೋಡಿ, ದಿನಕ್ಕೆ 55 ಕಿ.ಮೀ. ಬೆಂಗಳೂರಿಂದ ರಾಮನಗರ ದಾಟಿದಷ್ಟು ದೂರ, ಬಹುಪಾಲು ತೋಳಿನ ಬಲದಲ್ಲಿ, ಪ್ರತಿ ದಿನ, ಒಂದು ತಿಂಗಳಿಗೂ ಜಾಸ್ತಿ. ಬೆಟ್ಟದಲ್ಲಿ ಒಂದು ತುದಿ ಅಂತ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಬೆಳಿಗ್ಗೆಯೂ ನೀರು, ಸಂಜೆಯೂ ನೀರು. ರಾತ್ರಿ ಅವರು ಎಲ್ಲಿ ಮಲಗಿದರು? ಅಡುಗೆ ಯಾರು ಮಾಡಿದರು? ಹದಿನೆಂಟು ಹೆಂಗಸರು ಬಯಲು ನದಿಯ ದಡದಲ್ಲಿ ಬೆಳಗಿನ ಶೌಚಕ್ಕೆ ಎಲ್ಲಿಗೆ ಹೋದರು? ಮುಟ್ಟಿನ ದಿನಗಳಲ್ಲಿ ಒದ್ದೆ ರಾಫ್ಟಿನ ಮೇಲೆ ಹೇಗೆ ಕೂತರು? ಇದನ್ನು ಕೇಳಲು ನಾಚಿಕೆ ಬೇಡ. ಹೆಂಗಸರ ಸಾಹಸದ ಬಗ್ಗೆ ಬರೆಯುವವರು ಇದನ್ನೇ ಬಿಟ್ಟರೆ ಇನ್ನು ಯಾರು ಬರೆಯುತ್ತಾರೆ? ಹಳೆಯ ಪತ್ರಿಕೆಗಳನ್ನು, ಸಂದರ್ಶನಗಳನ್ನು ಹುಡುಕಿ. ಆ ಪಯಣದಲ್ಲಿದ್ದ ಒಬ್ಬರಾದರೂ ಸಿಕ್ಕರೆ ಫೋನ್ ಮಾಡಿ ಮಾತಾಡಿ. ಸಿಗದಿದ್ದರೆ ಊಹಿಸಿ ಬರೆಯಬೇಡಿ. ಸಿಕ್ಕಿದ್ದನ್ನಷ್ಟೇ ಬರೆಯಿರಿ.

ಕೊನೆಗೆ ಒಂದು ಮಾತು ನಿಮ್ಮ ಪತ್ರದ ಬಗ್ಗೆ. ಕುಮಾರ ಪರ್ವತ ಹತ್ತುವಾಗ ಗಿರಿಗದ್ದೆ ದಾಟಿದ ಮೇಲೆ ನಿಮ್ಮ ಬೂಟಿನ ಅಟ್ಟೆ ಕಿತ್ತುಬಂತು, ಗುರುತಿಲ್ಲದ ಹೆಂಗಸೊಬ್ಬರು ನಿಂತು ತಮ್ಮ ಬ್ಯಾಗಿನ ಲಾಡಿ ಬಿಚ್ಚಿ ಬೂಟಿಗೆ ಸುತ್ತಿ ಕಟ್ಟಿಕೊಟ್ಟರು ಅಂತ ಮೂರು ಸಾಲು ಬರೆದಿದ್ದೀರಿ. ‘ಗಂಟು ಎಷ್ಟು ಗಟ್ಟಿ ಇತ್ತೆಂದರೆ ಮನೆಗೆ ಬಂದು ಕತ್ತರಿಸಬೇಕಾಯಿತು.’ ಇಡೀ ಒಂಬತ್ತು ಪುಟದಲ್ಲಿ ಇಂಥ ಒಂದು ವಾಕ್ಯ ಇಲ್ಲ. ಪತ್ರ ಬರೆದ ಕೈಯೇ ಲೇಖನವನ್ನೂ ಬರೆಯಲಿ. ಲೇಖನ ಅಂದ ತಕ್ಷಣ ನೀವು ವೇದಿಕೆ ಹತ್ತಿ, ಮೈಕ್ ಹಿಡಿದುಬಿಡುತ್ತೀರಿ.

ಹೀಗೆ ಮಾಡಿ ನೋಡಿ. ಸೌತ್ ಕೋಲ್‌ನ ಮಧ್ಯಾಹ್ನದಿಂದ ಶುರು ಮಾಡಿ. ಶಿಖರಕ್ಕೆ ಒಂದು ಪ್ಯಾರಾ ಸಾಕು. ನಕುರಿ, ಅಪ್ಪನ ವ್ಯಾಪಾರ, ಹೊಲಿಗೆ ನಡುವೆ ಎಲ್ಲೋ ಬರಲಿ. ಗಂಗೆಗೆ ಕಡಿಮೆ ಎಂದರೂ ಮೂರು ಪುಟ ಕೊಡಿ. 1997ರ ನಡಿಗೆಯನ್ನು ಇಲ್ಲಿ ಮುಟ್ಟಲೇಬೇಡಿ, ಅದಕ್ಕೆ ಬೇರೆಯೇ ಲೇಖನ ಬೇಕು, ಅದನ್ನೂ ನೀವೇ ಬರೆಯಬೇಕು ಅಂತ ನನ್ನ ಆಸೆ. ಪದ್ಮಶ್ರೀ, ಅರ್ಜುನ, ಪದ್ಮಭೂಷಣ ಎಲ್ಲ ಒಂದು ಸಾಲಲ್ಲಿ, ಅದೂ ಕೊನೆಯ ಸಾಲಲ್ಲಿ ಬೇಡ. ಶೀರ್ಷಿಕೆಯಿಂದ ಸಿಂಹಿಣಿಯನ್ನು ತೆಗೆಯಿರಿ.

ಮುಂದಿನ ತಿಂಗಳ 20ರೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ತಡವಾದರೂ ಪರವಾಗಿಲ್ಲ, ಒಂದು ಮಾತು ತಿಳಿಸಿ. ಹರಿದ್ವಾರದಿಂದ ಕೋಲ್ಕತ್ತಾವರೆಗಿನ ನದಿಯ ನಕ್ಷೆಯನ್ನು ನಮ್ಮ ಕಲಾವಿದರಿಂದ ಬರೆಸುತ್ತೇನೆ, ಅದರ ಚಿಂತೆ ನಿಮಗೆ ಬೇಡ. ನನ್ನ ಪೆನ್ಸಿಲ್ ಗುರುತಿರುವ ನಿಮ್ಮ ಪ್ರತಿಯನ್ನು ಇದರ ಜೊತೆಗೇ ಕಳಿಸಿದ್ದೇನೆ. ಅಂಚಿನಲ್ಲಿ ಎರಡು ಕಡೆ ಕೋಪದಿಂದ ಬರೆದುಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರನೇ ಪುಟದಲ್ಲಿ ಡೇರೆ ಕೊಯ್ಯುವ ಭಾಗದ ಪಕ್ಕ ‘ಇದು ಹೀಗೇ ಇರಲಿ’ ಅಂತ ಬರೆದದ್ದೂ ನಾನೇ.