‘ಕಾರ್ಪೆ ದಿಯೆಮ್’ ಅಂದರೆ ಮಜಾ ಮಾಡು ಅಂತನಾ?

ಪ್ರಶ್ನೆ: ನನ್ನ ತಂಗಿ ಕೈ ಮೇಲೆ ‘ಕಾರ್ಪೆ ದಿಯೆಮ್’ ಅಂತ ಹಚ್ಚೆ ಹಾಕಿಸಿಕೊಳ್ತೀನಿ ಅಂತಿದ್ದಾಳೆ. ‘ನಾಳೆ ಕಂಡವರಾರು, ಇವತ್ತೇ ಮಜಾ ಮಾಡು’ ಅಂತ ಅರ್ಥವಂತೆ. ಹೌದಾ? ಯಾರು ಹೇಳಿದ ಮಾತಿದು?

ಉತ್ತರ: ಪೂರ್ತಿ ತಪ್ಪಲ್ಲ, ಆದರೆ ಆ ಮಾತಿನ ಜೀವವೇ ಬಿಟ್ಟುಹೋಗಿದೆ. ಇದು ರೋಮಿನ ಕವಿ ಹೊರೇಸ್‌ನದು. ಕ್ರಿ.ಪೂ. 23ರಲ್ಲಿ ಬಂದ ಅವನ ‘ಓಡ್ಸ್’ ಮೊದಲ ಪುಸ್ತಕದ 11ನೇ ಪದ್ಯದ ಕೊನೇ ಸಾಲಿನಲ್ಲಿದೆ. ಪದ್ಯ ಎಂಟೇ ಸಾಲು.

ಎಲ್ಲರೂ ಇದನ್ನು ಇಂಗ್ಲಿಷಿನ ‘ಸೀಜ್ ದ ಡೇ’ ಮೂಲಕ ಓದುತ್ತಾರೆ. ಅದರಲ್ಲಿ ಬಾಚಿ ಹಿಡಿ, ಕಸಿದುಕೋ ಅನ್ನುವ ಧ್ವನಿಯಿದೆ. ಲ್ಯಾಟಿನ್‌ನ ‘ಕಾರ್ಪೆ’ ಅಂಥದ್ದಲ್ಲ. ಅದು ಹೂವು, ಹಣ್ಣು ಕೊಯ್ಯುವಾಗ ಆಡುವ ಮಾತು. ಮಾಗಿದ ಹಣ್ಣನ್ನು ಬಿಡಿಸುವಾಗ ಯಾರೂ ಎಳೆದಾಡುವುದಿಲ್ಲ ಅಲ್ವಾ? ತೊಟ್ಟಿನ ಹತ್ತಿರ ಹಿಡಿದು ಸ್ವಲ್ಪ ತಿರುವಿದರೆ ಸಾಕು, ತಾನಾಗಿ ಕೈಗೆ ಬರುತ್ತದೆ, ಆದರೆ ಇವತ್ತು ಬಿಟ್ಟರೆ ನಾಳೆ ಉದುರಿಹೋಗಬಹುದು ಇಲ್ಲವೇ ಹಕ್ಕಿ ಪಾಲಾಗಬಹುದು. ‘ಈ ದಿನವನ್ನು ಕೊಯ್ದುಕೋ’ ಅಂದರೆ ಕನ್ನಡದಲ್ಲಿ ಅದು ಸರಿಯಾಗಿ ಕೂರುತ್ತದೆ.

ಪದ್ಯದಲ್ಲಿ ಲ್ಯೂಕೊನೊಯೆ ಅನ್ನುವ ಹೆಣ್ಣಿಗೆ ಕವಿ ಹೇಳುತ್ತಿದ್ದಾನೆ: ನಮಗೆ ಎಷ್ಟು ಆಯಸ್ಸು ಅಂತ ಬಾಬಿಲೋನಿನ ಜ್ಯೋತಿಷಿಗಳ ಲೆಕ್ಕ ಕೇಳಿಕೊಂಡು ಓಡಾಡಬೇಡ. ಹೊರಗೆ ಚಳಿಗಾಲದ ಕಡಲು ಬಂಡೆಗೆ ಅಪ್ಪಳಿಸುತ್ತಿದೆ, ಇದೇ ನಮ್ಮ ಕೊನೇ ಚಳಿಗಾಲ ಇರಲೂಬಹುದು. ಆಮೇಲೆ ಏನು ಮಾಡು ಅನ್ನುತ್ತಾನೆ ಗೊತ್ತಾ? ದ್ರಾಕ್ಷಾರಸ ಸೋಸು. ಆಗಿನ ದ್ರಾಕ್ಷಾರಸದಲ್ಲಿ ಗಷ್ಟು ಇರುತ್ತಿತ್ತು, ಕುಡಿಯುವ ಮೊದಲು ಸೋಸಬೇಕಿತ್ತು. ಅಷ್ಟು ಸಣ್ಣ ಮನೆಗೆಲಸ! ಉದ್ದ ಬೆಳೆದ ಆಸೆಯನ್ನು ಕತ್ತರಿಸು ಅಂತಲೂ ಹೇಳುತ್ತಾನೆ, ನಮ್ಮ ವಿಜಯಪುರದ ಬೆಳೆಗಾರರು ದ್ರಾಕ್ಷಿ ಬಳ್ಳಿಗೆ ಚಾಟ್ನಿ ಮಾಡುತ್ತಾರಲ್ಲ, ಅಂದರೆ ಉದ್ದ ಬೆಳೆದ ಕುಡಿ ಸವರುತ್ತಾರಲ್ಲ, ಹಾಗೆ.

ಸುಮ್ನೆ ಕೂತು ಬರೆದ ಮಾತಲ್ಲ ಇದು. ಕ್ರಿ.ಪೂ. 42ರಲ್ಲಿ ಫಿಲಿಪ್ಪಿ ಯುದ್ಧದಲ್ಲಿ ಹೊರೇಸ್ ಜೂಲಿಯಸ್ ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ನ ಕಡೆ ಇದ್ದ. ಸೋತು ಊರಿಗೆ ಬಂದರೆ ಅಪ್ಪನ ಜಮೀನು ಕೈಬಿಟ್ಟಿತ್ತು. ಹೊಟ್ಟೆಪಾಡಿಗೆ ಖಜಾನೆಯಲ್ಲಿ ಗುಮಾಸ್ತನಾದ. ನಾಳೆಯನ್ನು ಜಾಸ್ತಿ ನಂಬಬೇಡ ಅಂತ ಅವನು ಹೇಳಿದರೆ ನಾನಂತೂ ಕೇಳುತ್ತೇನೆ.

ತಂಗಿ ಹಚ್ಚೆ ಹಾಕಿಸಿಕೊಳ್ಳಲಿ, ಆದರೆ ‘ದಿಯೆಮ್’ ಕೊನೆಯ ‘ಮ್’ ಬಿಡದಂತೆ ನೋಡಿಕೊಳ್ಳಿ. ‘ದಿನವನ್ನು’ ಅನ್ನುವಾಗ ನಮ್ಮ ‘ಅನ್ನು’ ಮಾಡುವ ಕೆಲಸವನ್ನು ಅಲ್ಲಿ ಮಾಡುವುದು ಅದೇ.