ಸ್ಕ್ಯಾನ್ ಬೇಕೆಂದು ಬಂದ ಅಡಿಕೆ ಕೃಷಿಕರು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕರು, ಐವತ್ತರ ಆಸುಪಾಸಿನವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಆಪ್ತಸಮಾಲೋಚನೆಯ ಕೋಣೆಗೆ ಹೆಂಡತಿಯ ಜೊತೆ ಬಂದು ಕೂತವರೇ ಕೇಳಿದ್ದು ಒಂದೇ: “ಮೇಡಂ, ಮಂಗಳೂರಿಗೆ ಒಂದು ಚೀಟಿ ಬರ್ದು ಕೊಡಿ. ತಲೆ ಸ್ಕ್ಯಾನ್ ಮಾಡಿಸ್ಬೇಕು.” ಬೆಂಗಳೂರಿನಲ್ಲಿ ಕಂಪ್ಯೂಟರ್ ಓದುತ್ತಿರುವ ಅಕ್ಕನ ಮಗ ಅವರಿಗೆ ಒಂದು ಸುದ್ದಿ ಹೇಳಿದ್ದ. ಒಂದೇ ಕೆಟ್ಟ ಯೋಚನೆ ಸುತ್ತಿ ಸುತ್ತಿ ಬರುವುದನ್ನು ಈಗ ಆಡುವ ಮಾತಿನಿಂದಲೂ ಮೆದುಳಿನ ಚಟುವಟಿಕೆಯಿಂದಲೂ ಪತ್ತೆ ಮಾಡುತ್ತಾರಂತೆ. ಪತ್ತೆಯಾದರೆ ತೆಗೆಯಲಿಕ್ಕೂ ಆಗುತ್ತದಲ್ಲ ಎಂಬುದು ಇವರ ಲೆಕ್ಕ.

ಹಿಂದಿನ ಮಳೆಗಾಲದಲ್ಲಿ ಅವರ ತೋಟದಲ್ಲಿ ಮದ್ದು ಬಿಡುತ್ತಿದ್ದ ಕೆಲಸಗಾರ ಅಡಿಕೆ ಮರದಿಂದ ಬಿದ್ದಿದ್ದ. ಜೀವ ಉಳಿಯಿತು, ಸೊಂಟಕ್ಕೆ ಪೆಟ್ಟಾಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ. ಆಸ್ಪತ್ರೆಯ ಖರ್ಚನ್ನು ಇವರೇ ನೋಡಿಕೊಂಡರು. ಆದರೆ ಅಂದಿನಿಂದ ಇವರಿಗೆ ನಿದ್ರೆ ಇಲ್ಲ. ಬೆಳಗಿನ ಜಾವ ಎದ್ದು ಜಗಲಿಯಲ್ಲಿ ಕೂರುತ್ತಾರೆ. ಊಟದ ನಡುವೆ ಕೈ ನಿಲ್ಲುತ್ತದೆ. ಪಕ್ಕದ ತೋಟದಲ್ಲಿ ಮದ್ದು ಬಿಡುವ ಪಂಪಿನ ಮೋಟರ್ ಶಬ್ದ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಸ್ಕ್ಯಾನಿನ ಮಾತಿಗೆ ಮೊದಲು ನಾನು ಕೇಳಬೇಕಾದ್ದು ಬೇರೆ ಇತ್ತು. “ಸಾಯಬೇಕು ಅಂತ ಅನಿಸಿದ್ದುಂಟಾ?” ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಅವರು ಹೆಂಡತಿಯ ಮುಖ ನೋಡಿ, “ನಾನು ಇಲ್ಲದಿದ್ರೆ ಒಳ್ಳೆದಿತ್ತು ಅಂತ ಎರಡು ಮೂರು ಸಲ ಅನಿಸಿದೆ” ಎಂದರು. ಯೋಜನೆ ಏನೂ ಇರಲಿಲ್ಲ. ಆದರೂ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದ ಮೈಲುತುತ್ತು, ಕಳೆನಾಶಕ ಎಲ್ಲವನ್ನೂ ಅದೇ ಸಂಜೆ ತಮ್ಮನ ಮನೆಗೆ ಸಾಗಿಸಿ ಬೀಗ ಹಾಕಬೇಕೆಂದು ಹೆಂಡತಿಗೆ ಹೇಳಿದೆ. ಕೃಷಿಕರ ಮನೆಗಳಲ್ಲಿ ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿಲ್ಲ. ನಿದ್ರೆ, ಹಸಿವು ಎರಡೂ ಕೆಟ್ಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಅವರು ಮಾತ್ರೆ ಶುರು ಮಾಡಿದರು.

ಅಳಿಯ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಮಂಗಳೂರಿನಲ್ಲಿ ಮಾಡುವ ಸಾಮಾನ್ಯ ಎಂಆರ್‌ಐ ಗಡ್ಡೆ, ರಕ್ತಸ್ರಾವ, ಪೆಟ್ಟು ಇಂಥದ್ದನ್ನು ತೋರಿಸುತ್ತದೆ, ಯೋಚನೆಯನ್ನಲ್ಲ. ಸಂಶೋಧಕರು ಬಳಸುವುದು ಎಫ್‌ಎಂಆರ್‌ಐ. ಮೆದುಳಿನ ಯಾವ ಭಾಗದ ರಕ್ತದಲ್ಲಿ ಆಮ್ಲಜನಕ ಹೇಗೆ ಏರಿಳಿಯುತ್ತದೆ ಎಂಬುದನ್ನು ಅದು ಹಿಡಿಯುತ್ತದೆ. ಕೈಯಲ್ಲಿ ಕೆಲಸವಿಲ್ಲದೆ ಸುಮ್ಮನೆ ಇರುವಾಗ ಚುರುಕಾಗುವ ಒಂದು ಜಾಲ ಮೆದುಳಿನಲ್ಲಿದೆ. 2001ರಲ್ಲಿ ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಅದನ್ನು ‘ಡಿಫಾಲ್ಟ್ ಮೋಡ್’ ಎಂದು ಕರೆದರು. ನಮ್ಮ ಬಗ್ಗೆ ನಾವೇ ಯೋಚಿಸುವಾಗ, ಹಳೆಯದನ್ನು ನೆನೆಯುವಾಗ ಓಡುವುದು ಅದೇ. ಖಿನ್ನತೆಯಲ್ಲಿರುವವರಲ್ಲಿ ಈ ಜಾಲಕ್ಕೂ ಹಣೆಯ ಹಿಂದೆ ಕೆಳಭಾಗದಲ್ಲಿರುವ, ದುಃಖದ ಭಾವನೆಗೆ ಸಂಬಂಧಿಸಿದ ಒಂದು ಪ್ರದೇಶಕ್ಕೂ ನಂಟು ಬಿಗಿಯಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಇವೆಲ್ಲ ತುಂಬ ಜನರ ಸರಾಸರಿಯಿಂದ ಸಿಕ್ಕಿದ ಮಾತು. ಒಬ್ಬರನ್ನು ಯಂತ್ರದೊಳಗೆ ಮಲಗಿಸಿ ‘ಇವರಿಗೆ ಈ ಯೋಚನೆ ಉಂಟು’ ಎಂದು ಬರೆದು ಕೊಡುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. “ಆ ದುಡ್ಡು ಉಳಿಸಿ” ಎಂದು ಹೇಳಿದೆ.

“ಹಾಗಾದ್ರೆ ನನ್ನ ಮನಸ್ಸೇ ಗಟ್ಟಿ ಇಲ್ಲವಾ?” ಎಂದು ಕೇಳಿದರು. ಅದಕ್ಕೆ ನಾನು ಒಂದು ಭೂಕಂಪದ ಕಥೆ ಹೇಳಿದೆ. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರೀಟಾ ಭೂಕಂಪವಾಯಿತು. ಸೂಸನ್ ನೋಲೆನ್-ಹೂಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಅದಕ್ಕೆ ಎರಡು ವಾರ ಮೊದಲು, ಬೇಸರವಾದಾಗ ನೀವೇನು ಮಾಡುತ್ತೀರಿ ಎಂದು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನು ಕೇಳಿ ಬರೆದಿಟ್ಟಿದ್ದರು. ನಡುಗಿದ್ದು ಎಲ್ಲರಿಗೂ ಒಂದೇ ನೆಲ. ಆದರೆ ಬೇಸರವನ್ನೇ ತಿರುವಿ ತಿರುವಿ ನೋಡುವ ಅಭ್ಯಾಸ ಮೊದಲಿನಿಂದ ಇದ್ದವರಲ್ಲಿ ಏಳು ವಾರಗಳ ಮೇಲೂ ಮಂಕು ಹೆಚ್ಚಿತ್ತು. ಇದು ಅಭ್ಯಾಸ, ಬಲಹೀನತೆ ಅಲ್ಲ ಎಂದಾಗ ಅವರ ಭುಜ ಸ್ವಲ್ಪ ಇಳಿಯಿತು.

ಮಾತಿನ ವಿಷಯದಲ್ಲಿ ನಮಗೆ ಯಂತ್ರ ಬೇಕಾಗಲಿಲ್ಲ. ರಾತ್ರಿ ನಿದ್ರೆ ಬಾರದಾಗ ಅವರು ಅಕ್ಕನಿಗೆ ವಾಟ್ಸಾಪಿನಲ್ಲಿ ಧ್ವನಿಸಂದೇಶ ಕಳಿಸುತ್ತಿದ್ದರು. ಇಬ್ಬರ ಒಪ್ಪಿಗೆಯಿಂದ ಕೆಲವನ್ನು ಒಟ್ಟಿಗೆ ಕೂತು ಕೇಳಿದೆವು. ಬೇರೆ ಬೇರೆ ರಾತ್ರಿಯವು, ಆದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ: “ನಾನು ಯಾಕೆ ಬೇಡ ಅಂತ ಹೇಳಲಿಲ್ಲ ಅಕ್ಕ? ನಾನು ಯಾವಾಗ್ಲೂ ಹೀಗೆಯೇ. ನನ್ನಿಂದ ಯಾರಿಗೂ ಒಳ್ಳೆದಾಗಲೇ ಇಲ್ಲ.” ಬಿದ್ದವನ ಹೆಸರು ಒಂದರಲ್ಲೂ ಇಲ್ಲ. ಆ ದಿನದ ಹೊತ್ತು, ಜಾಗ, ಯಾರು ಏನು ಹೇಳಿದರು ಎಂಬುದೂ ಇಲ್ಲ.

ಇಂಗ್ಲಿಷಿನಲ್ಲಿ ಈ ಬಗ್ಗೆ ಸಾಕಷ್ಟು ಕೆಲಸ ನಡೆದಿದೆ. ಜೇಮ್ಸ್ ಪೆನ್ನಬೇಕರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಇದ್ದ ವಿದ್ಯಾರ್ಥಿಗಳ ಬರಹದಲ್ಲಿ ‘ನಾನು’ ಹೆಚ್ಚಿತ್ತು. 2018ರ ಇನ್ನೊಂದು ಅಧ್ಯಯನದಲ್ಲಿ ‘ಯಾವಾಗಲೂ’, ‘ಎಂದಿಗೂ’, ‘ಪೂರ್ತಿ’ ಥರದ, ನಡುವೆ ಜಾಗವೇ ಬಿಡದ ಪದಗಳು ಹೆಚ್ಚು ಸಿಕ್ಕಿದವು. ಆ ಎಣಿಕೆಯನ್ನು ಹಾಗೇ ನಮಗೆ ಅನ್ವಯಿಸಲು ಬರುವುದಿಲ್ಲ. ‘ಹೋದೆ’, ‘ಬಂದೆ’ ಎಂದರೇ ‘ನಾನು’ ಅದರಲ್ಲಿ ಅಡಗಿರುತ್ತದೆ. ಹಾಗಾಗಿ ನಾನು ಕಿವಿಗೊಡುವುದು ಪದಗಳ ಲೆಕ್ಕಕ್ಕಿಂತ, ಅದೇ ವಾಕ್ಯ ಅದೇ ರಾಗದಲ್ಲಿ ಮರಳಿ ಬರುವುದಕ್ಕೆ, ಮತ್ತು ಮಾತಿನಲ್ಲಿ ವಿವರ ಖಾಲಿಯಾಗಿರುವುದಕ್ಕೆ.

ವಿವರ ಖಾಲಿಯಾಗುವುದೇ ಇಲ್ಲಿ ಮುಖ್ಯ. ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಹೀಗೆ ಸುತ್ತಿ ಸುತ್ತಿ ಬರುವ ಯೋಚನೆಗೆಂದೇ ಒಂದು ಚಿಕಿತ್ಸಾಕ್ರಮ ಬೆಳೆಸಿದ್ದಾರೆ. ‘ನನಗೇ ಯಾಕೆ ಹೀಗೆ’ ಎಂದು ಕೇಳುತ್ತ ಹೋದಷ್ಟೂ ಯೋಚನೆ ಒಣ ತತ್ತ್ವವಾಗುತ್ತದೆ. ‘ಹೇಗೆ ಆಯಿತು, ಮುಂದೆ ಏನು ಮಾಡಲಿ’ ಎಂದರೆ ಅದು ನೆಲಕ್ಕಿಳಿಯುತ್ತದೆ ಎಂಬುದು ಅದರ ಆಧಾರ. ಆ ದಿನವನ್ನು ಬೆಳಗಿನಿಂದ ಹೇಳಿ, ಯಾಕೆ ಎಂಬುದು ಬೇಡ, ಏನೇನಾಯಿತು ಅಷ್ಟೇ ಸಾಕು ಎಂದೆ. ನನ್ನೊಡನೆ ಅವರು ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಅದೂ ಬೇಡ, ಮನೆಮಾತು ತುಳುವಿನಲ್ಲೇ ಹೇಳಿ ಎಂದೆ.

ಆಗ ಬಂತು ನೋಡಿ ವಿವರ. ಬೆಳಿಗ್ಗೆ ಮಳೆ ಹೊಡೆದು ಹತ್ತು ಗಂಟೆಗೆ ಬಿಸಿಲು ಬಂದಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ದ್ರಾವಣ ತಯಾರಾಗಿತ್ತು. ಇಟ್ಟರೆ ಮರುದಿನಕ್ಕೆ ಬರುವುದಿಲ್ಲ. ಮರದಲ್ಲಿ ಪಸೆ ಇತ್ತು. “ಸ್ವಲ್ಪ ಹೊತ್ತು ನೋಡುವ” ಎಂದು ಇವರು ಹೇಳಿದ್ದರು. “ನಾಳೆ ಬೇರೆ ತೋಟ ಉಂಟು ಅಣ್ಣೇರೆ, ಇವತ್ತೇ ಮುಗಿಸುವ” ಎಂದು ಅವನು ಮರ ಹತ್ತಲು ಕಾಲಿಗೆ ತಳೆ ಹಾಕಿದ್ದ. ಇಷ್ಟು ಹೇಳಿ ಅವರು ತಾವೇ ನಿಲ್ಲಿಸಿ, “ಅಲ್ಲ, ನಾನು ಹೇಳಿದ್ದೆನಲ್ಲ…” ಎಂದರು.

ಹಾಗೆಂದು ನಿಮ್ಮದೇನೂ ತಪ್ಪಿಲ್ಲ ಎಂದು ನಾನು ಹೇಳಲಿಲ್ಲ. ಮರ ಹತ್ತುವವರು ಸೊಂಟಕ್ಕೆ ಕಟ್ಟುವ ಬೆಲ್ಟ್ ತರಿಸಬೇಕೆಂದು ಎರಡು ವರ್ಷದಿಂದ ಅಂದುಕೊಂಡವರು ಅವರು, ತರಿಸಿರಲಿಲ್ಲ. ಆ ಪಾಲು ಅವರದೇ. ಅದು ಒಪ್ಪಿಕೊಂಡು ಏನಾದರೂ ಮಾಡಬಹುದಾದಷ್ಟು ಗಾತ್ರದ ಪಾಲು. ‘ನನ್ನಿಂದ ಯಾರಿಗೂ ಒಳ್ಳೆದಾಗಲಿಲ್ಲ’ ಎಂಬುದಕ್ಕೆ ಮಾಡುವುದೇನೂ ಇಲ್ಲ.

ಸಲಹೆ ಹೀಗಿತ್ತು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಯೋಚನೆ ಸುತ್ತಲು ಹಿಡಿದ ಹೊತ್ತು, ಜಾಗ, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು ಎಂದು ಬರೆಯುವುದು. ಬರೆದಾಗ ಮೂರು ಕಡೆ ಗುರುತು ಸಿಕ್ಕಿತು: ಮೋಟರ್ ಶಬ್ದ, ಊಟದ ನಂತರ ಅಡ್ಡಾಗುವುದು, ಬೆಳಗಿನ ಜಾವ. ಪ್ರತಿಯೊಂದಕ್ಕೂ ಕೈಗೆ ಒಂದು ಕೆಲಸ ಗೊತ್ತು ಮಾಡಿದೆವು. ಮೋಟರ್ ಕೇಳಿದರೆ ಒಳಗೆ ಹೋಗದೆ ಅಂಗಳದಲ್ಲಿ ಅಡಿಕೆ ಸುಲಿಯಲು ಕೂರುವುದು. ಊಟವಾದ ಮೇಲೆ ಮಲಗದೆ, ಗುಡ್ಡ ಕೊರೆದ ಸುರಂಗದಿಂದ ಬರುವ ನೀರಿನ ತೊಟ್ಟಿಯವರೆಗೆ ನಡೆಯುವುದು. ಜಾವದಲ್ಲಿ ಎಚ್ಚರವಾದರೆ ‘ಯಾಕೆ’ ಎಂದು ಶುರುವಾದ ವಾಕ್ಯವನ್ನು ಕಾಗದದಲ್ಲಿ ‘ಹೇಗೆ’ ಎಂದು ತಿದ್ದಿ ಬರೆಯುವುದು. ಯೋಚಿಸಲೇಬೇಕೆನಿಸಿದರೆ ಸಂಜೆ ಅರ್ಧ ಗಂಟೆ, ಅದೂ ಹಾಸಿಗೆಯಲ್ಲಲ್ಲ, ಜಗಲಿಯ ಒಂದೇ ಜಾಗದಲ್ಲಿ. ಬಿದ್ದವನ ಮನೆಗೆ ವಾರಕ್ಕೊಮ್ಮೆ ಹೋಗುವುದು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ಸಲ ಗೇಟಿನಿಂದಲೇ ತಿರುಗಿ ಬಂದರು. ಎರಡನೆಯ ಸಲ ಹೆಂಡತಿ ಜೊತೆಗೆ ಹೋದರು.

“ಅದನ್ನೆಲ್ಲ ಯೋಚಿಸ್ಬೇಡಿ ಅಂತ ಹೇಳ್ತಾ ಇರ್ತೇನೆ, ಸರಿ ಅಲ್ವಾ?” ಎಂದು ಹೆಂಡತಿ ಕೇಳಿದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಅದು ಕೆಲಸಕ್ಕೆ ಬರುವುದಿಲ್ಲ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದರೆ ಅದೇ ಬಂದು ನಿಲ್ಲುತ್ತದೆ ಎಂದು ಡೇನಿಯಲ್ ವೆಗ್ನರ್ 1987ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದರ ಬದಲು “ಈಗ ಯಾವುದು ಬಂತು? ಮತ್ತೆ ಏನಾಯಿತು?” ಎಂದು ಕೇಳಿ ಎಂದೆ. ರಾತ್ರಿ ಹೊತ್ತಿಗೆ ಹೆದರಿಕೆಯಾದರೆ ನನ್ನ ಫೋನಿಗೆ ಕಾಯಬಾರದು; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು ಎಂದು ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆಸಿದೆ.

ಈ ವರ್ಷ ಮದ್ದು ಬಿಡಲು ಅವರು ಕಾರ್ಬನ್ ಫೈಬರ್ ದೋಟಿ ತರಿಸಿದ್ದಾರೆ. ನೆಲದಲ್ಲಿ ನಿಂತೇ ಗೊನೆಗೆ ಹೊಡೆಯುತ್ತಾರೆ. ಯಾವ ಅಳತೆಯದು ತಮ್ಮ ತೋಟಕ್ಕೆ ಸರಿ ಎಂದು ಹೇಳಿಕೊಟ್ಟದ್ದು ಬಿದ್ದವನೇ. ಈಗ ರಾತ್ರಿ ಐದು ಗಂಟೆ ಹೊತ್ತು ನಿದ್ರೆ ಬರುತ್ತದೆ. ಮೋಟರ್ ಶಬ್ದಕ್ಕೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಆದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಹುಷಾರಾಯಿತಲ್ಲ, ಮಾತ್ರೆ ಬಿಡಲಾ ಎಂದು ಕೇಳಿದ್ದರು. ವೈದ್ಯರು ಹೇಳದೆ ಒಂದು ಮಾತ್ರೆಯನ್ನೂ ತಪ್ಪಿಸಬಾರದು ಎಂದಿದ್ದೇನೆ. ಮುಂದಿನ ಭೇಟಿ ಕೊಯ್ಲು ಮುಗಿದ ಮೇಲೆ. ನೋಟ್‌ಬುಕ್ ತರಲು ಹೇಳಿದ್ದೇನೆ.